ದೋಣಿ ಹತ್ತುವ ಹಿಂದಿನ ರಾತ್ರಿ

ಜಟ್ಟಿಯ ಮೇಲೆ ನಿಂತವರಿಗೆ ವಿವೇಕ ಹೇಳಿ ಪ್ರಯೋಜನವಿಲ್ಲ. ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಬೆಳಗಿನ ಜಾವ ಹೊರಟು, ಘಟ್ಟದ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಂಡದ್ದನ್ನು ತೊಳೆದು, ದಾರಿಯಲ್ಲಿ ಅವಸರದ ಇಡ್ಲಿ ತಿಂದು ಅವರು ಅಲ್ಲಿಗೆ ಬಂದಿರುತ್ತಾರೆ. ಟಿಕೆಟ್ಟಿಗೆ ದುಡ್ಡು ಕೊಟ್ಟಾಗಿದೆ. ಮಗಳು ಕೈ ಹಿಡಿದು ನೀರಿನ ಕಡೆ ಎಳೆಯುತ್ತಿದ್ದಾಳೆ. ದೋಣಿ ಆಗಲೇ ತುಂಬಿದಂತೆ ಕಾಣುತ್ತದೆ, ಆದರೂ "ಇನ್ನು ನಾಲ್ಕು ಜನ ಬನ್ನಿ" ಎಂಬ ಕರೆ ನಿಂತಿಲ್ಲ. ಬೆನ್ನ ಹಿಂದೆ ಸಾಲಿನಲ್ಲಿರುವವರು "ಹತ್ರೀ, ಹತ್ರೀ" ಎಂದು ಅವಸರಿಸುತ್ತಿದ್ದಾರೆ. ಆಗ "ನಾವು ಮುಂದಿನ ದೋಣಿಗೆ ಬರ್ತೇವೆ" ಎಂಬ ಸಣ್ಣ ಮಾತು ಗಂಟಲಿನಿಂದ ಹೊರಡುವುದಿಲ್ಲ. ಅಂಜುಬುರುಕರೆನಿಸಿಕೊಳ್ಳುವ ಸಂಕೋಚ, ಮಕ್ಕಳ ಮುಖ ಬಾಡುತ್ತದೆಂಬ ಸಂಕಟ, ಇಷ್ಟು ದೂರ ಬಂದಾಯ್ತಲ್ಲ ಎಂಬ ಲೆಕ್ಕ, ಎಲ್ಲ ಸೇರಿ ಕಾಲನ್ನು ದೋಣಿಯೊಳಗೆ ಇಡಿಸುತ್ತವೆ.

ಹಾಗಾಗಿ ಹತ್ತಬೇಕೋ ಬೇಡವೋ ಎಂಬ ತೀರ್ಮಾನವನ್ನು ಜಟ್ಟಿಗೆ ಬಿಡಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಅದು ಹಿಂದಿನ ರಾತ್ರಿ, ಊಟ ಮುಗಿದು ಬ್ಯಾಗು ತುಂಬುವ ಹೊತ್ತಿನಲ್ಲಿ, ಮನೆಮಂದಿಯೆಲ್ಲ ಕೂತು ಆಡಬೇಕಾದ ಮಾತು. ಏನೇನು ಕಂಡರೆ ನಾವು ದೋಣಿ ಹತ್ತುವುದಿಲ್ಲ ಎಂದು ಆಗಲೇ ಹೇಳಿಕೊಂಡುಬಿಡಬೇಕು, ಮಕ್ಕಳ ಕಿವಿಗೂ ಬೀಳುವಂತೆ. ಜಾಕೆಟ್ ಇಲ್ಲದಿದ್ದರೆ ಇಲ್ಲ. ಜನ ಹೆಚ್ಚಾಗಿದ್ದರೆ ಇಲ್ಲ. ಸಂಜೆಯಾಗಿಬಿಟ್ಟಿದ್ದರೆ ಇಲ್ಲ. ಮೊದಲೇ ಆಡಿಟ್ಟ ಮಾತಿಗೆ ಮರುದಿನ ಒಂದು ಬಲ ಬಂದಿರುತ್ತದೆ. ಅಪ್ಪ ಹೆದರಿದ ಎಂದು ಮಗಳಿಗೆ ಅನಿಸುವುದಿಲ್ಲ, ನಿನ್ನೆ ಹೇಳಿದ್ದನ್ನೇ ಇವತ್ತು ಮಾಡಿದ ಎನಿಸುತ್ತದೆ.

ದೋಣಿಯಲ್ಲಿ ಹೋಗಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹೋಗಲೇಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಲಾವಾ ತಣ್ಣಗಾಗುತ್ತ ಸೀಳಿ ನಿಂತ ಆ ಕಲ್ಲಿನ ಕಂಬಗಳನ್ನು ನೋಡದೆ ನಮ್ಮ ನೆಲ ಎಷ್ಟು ಹಳೆಯದು ಎಂಬುದು ಮಕ್ಕಳಿಗೆ ಪುಸ್ತಕದಿಂದ ತಿಳಿಯುವುದಿಲ್ಲ. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನೊಳಗೆ ಕಾಂಡ್ಲಾಗಿಡಗಳ ನಡುವೆ ದೋಣಿ ಸದ್ದಿಲ್ಲದೆ ಸಾಗುವಾಗ, ಕಾರವಾರದ ಹೊರಗೆ ಡಾಲ್ಫಿನ್ ಒಂದು ಬೆನ್ನು ತೋರಿಸಿ ಮುಳುಗುವಾಗ ಬಯಲುಸೀಮೆಯ ಮಗುವಿನ ಕಣ್ಣು ಅರಳುವುದನ್ನು ನೋಡಬೇಕು. ನೀರನ್ನೇ ಕಾಣದ ಊರುಗಳಿಂದ ಜನ ಕರಾವಳಿಗೆ ಬರುವುದು ಒಳ್ಳೆಯ ಸಂಗತಿ. ಬಂದವರು ಬಂದಷ್ಟೇ ಜನ ಮನೆಗೆ ಮರಳಬೇಕು ಎಂಬುದಷ್ಟೇ ನನ್ನ ಕಾಳಜಿ.

2019ರ ಜನವರಿ 21 ಬನದ ಹುಣ್ಣಿಮೆ. ಕಾರವಾರದ ಎದುರಿಗಿರುವ ಕೂರ್ಮಗಡ ದ್ವೀಪದಲ್ಲಿ ಅಂದು ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ಬರುವ ಆ ದಿನ ಮೀನುಗಾರರ ದೋಣಿಗಳೇ ಭಕ್ತರನ್ನು ಸಾಗಿಸುತ್ತವೆ. ಜಾತ್ರೆ ಮುಗಿಸಿ ಮಧ್ಯಾಹ್ನದ ಮೇಲೆ ಮರಳುತ್ತಿದ್ದ ಒಂದು ದೋಣಿ ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಮಕ್ಕಳಿದ್ದರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರಿದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನ ದೋಣಿಯಲ್ಲಿದ್ದರೆಂದೂ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲವೆಂದೂ ಆಗಿನ ವರದಿಗಳು ಹೇಳಿದವು. ದೇವರ ದರ್ಶನ ಮುಗಿದಿತ್ತು, ಎದುರಿಗೆ ದಡ ಕಾಣುತ್ತಿತ್ತು.

ಆ ದುರಂತದಲ್ಲಿ ಜನರ ಕಣ್ಣಿಗೆ ಬಿದ್ದದ್ದು ತುಂಬಿ ತುಳುಕಿದ ದೋಣಿ. ಅದು ಸರಿಯೇ. ನನಗೆ ಮಾತ್ರ ಇನ್ನೆರಡು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. ಒಂದು, ಅದು ನಡೆದದ್ದು ವಾಪಸ್ ಬರುವಾಗ. ಎರಡು, ಅದು ನಡೆದದ್ದು ಅಳಿವೆಯ ಹತ್ತಿರ. ಕರಾವಳಿಯವರಿಗೆ ಅಳಿವೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಘಟ್ಟದ ಮೇಲಿನಿಂದ ಬರುವವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದೋಣಿ ಹತ್ತುವ ಜಾಗದಲ್ಲಿ ನೀರು ನೋಡಿ ಮುಂದಿನ ನೀರೂ ಹೀಗೇ ಎಂದುಕೊಂಡುಬಿಡುವುದು ಅವರೇ.

ನಮ್ಮ ಕರಾವಳಿಯ ಬಹುಪಾಲು ಜಟ್ಟಿಗಳಿರುವುದು ನದಿಯೊಳಗೆ. ಕೋಡಿಬಾಗ, ಹೊನ್ನಾವರ, ಗಂಗೊಳ್ಳಿ, ಹಂಗಾರಕಟ್ಟೆ ಎಲ್ಲ ಹಾಗೆಯೇ. ಅಲ್ಲಿ ನೀರು ಕೆರೆಯಂತೆ ಮಲಗಿರುತ್ತದೆ. ಸಮುದ್ರಕ್ಕೆ ಹೋಗಬೇಕಾದರೆ ನದಿಯ ಬಾಯಿಯನ್ನು, ಅಂದರೆ ಅಳಿವೆಯನ್ನು ದಾಟಬೇಕು. ನದಿ ಹೊತ್ತು ತಂದ ಹೂಳೂ ಸಮುದ್ರ ತಳ್ಳಿದ ಮರಳೂ ಅಲ್ಲಿ ದಿಬ್ಬ ಕಟ್ಟಿರುತ್ತವೆ. ಆ ದಿಬ್ಬ ಇದ್ದಲ್ಲಿ ಇರುವುದಿಲ್ಲ, ಒಂದು ಮಳೆಗಾಲ ಕಳೆದರೆ ದೋಣಿಯ ದಾರಿಯೇ ಬದಲಾಗಿರುತ್ತದೆ. ದೊಡ್ಡ ದೊಡ್ಡ ಮೀನುಗಾರಿಕೆ ಬೋಟುಗಳೇ ಅಳಿವೆಯಲ್ಲಿ ಹೂಳಿಗೆ ಸಿಕ್ಕಿ ಒಡೆದುಹೋದದ್ದುಂಟು.

ಇದರ ಮೇಲೆ ಭರತ ಮತ್ತು ಇಳಿತ. ದಿನಕ್ಕೆ ಹೆಚ್ಚುಕಮ್ಮಿ ಎರಡು ಸಲ ಸಮುದ್ರ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ಮಾತ್ರ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಕಾರವಾರದ ಕಡೆ ದೊಡ್ಡ ಏರಿಳಿತವೆಂದರೆ ಒಂದೂವರೆಯಿಂದ ಎರಡು ಮೀಟರ್. ಕೇಳಲು ಕಡಿಮೆ ಎನಿಸಬಹುದು. ಆದರೆ ನದಿಯೊಳಗೆ ಮೈಲುಗಟ್ಟಲೆ ನುಗ್ಗಿ ನಿಂತ ಅಷ್ಟೂ ನೀರು ಸುಮಾರು ಆರು ಗಂಟೆಯಲ್ಲಿ ಆ ಕಿರಿದಾದ ಬಾಯಿಯಿಂದಲೇ ಹೊರಹೋಗಬೇಕು. ಹೊರಹೋಗುವ ನೀರಿಗೆ ಒಳಬರುವ ಅಲೆ ಎದುರಾಗುತ್ತದೆ. ಎದುರಿನ ಸೆಳವು ಅಲೆಯ ಉದ್ದವನ್ನು ಒತ್ತಿ ಕುಗ್ಗಿಸುತ್ತದೆ, ಅಲೆ ಉದ್ದದಲ್ಲಿ ಕಳೆದುಕೊಂಡದ್ದನ್ನು ಎತ್ತರದಲ್ಲಿ ಪಡೆಯುತ್ತದೆ. ಕೆಳಗೆ ಮರಳು ದಿಬ್ಬ ಬೇರೆ ಇರುವುದರಿಂದ ಅಲೆ ಗೋಡೆಯಂತೆ ಎದ್ದು ಮುರಿದು ಬೀಳುತ್ತದೆ. ಹೊರಗೆ ಸಮುದ್ರ ಶಾಂತವಾಗಿದೆ, ಒಳಗೆ ನದಿ ಶಾಂತವಾಗಿದೆ, ನಡುವಿನ ಆ ಒಂದು ಪಟ್ಟಿ ಮಾತ್ರ ಕುದಿಯುತ್ತಿರುತ್ತದೆ.

ಹೊರಗೆ ಹೋಗುವ ದೋಣಿ ಆ ಅಲೆಗೆ ಮುಖ ಕೊಡುತ್ತದೆ. ಮೂತಿ ಎತ್ತಿ ಇಳಿದು ದಾಟಿಕೊಳ್ಳುತ್ತದೆ, ಒಳಗಿದ್ದವರು ಖುಷಿಯಿಂದ ಕಿರುಚುತ್ತಾರೆ. ಒಳಗೆ ಬರುವ ದೋಣಿಗೆ ಅದೇ ಅಲೆ ಬೆನ್ನ ಹಿಂದಿನಿಂದ ಬರುತ್ತದೆ. ಹಿಂಭಾಗವನ್ನು ಎತ್ತುತ್ತದೆ, ಚುಕ್ಕಾಣಿ ಹಿಡಿತ ಕಳೆದುಕೊಳ್ಳುತ್ತದೆ, ದೋಣಿ ಅಡ್ಡಡ್ಡ ತಿರುಗುತ್ತದೆ. ಅಡ್ಡ ತಿರುಗಿದ, ಭಾರ ಹೆಚ್ಚಾದ ದೋಣಿಗೆ ಮುಂದಿನ ಅಲೆ ಒಂದು ಸಾಕು. ಪಳಗಿದ ತಂಡೇಲ, ಅಂದರೆ ದೋಣಿ ನಡೆಸುವವ, ಅಳಿವೆಯ ಹೊರಗೆ ನಿಂತು, ಅಲೆಗಳನ್ನು ಲೆಕ್ಕ ಹಾಕಿ, ದೊಡ್ಡ ಅಲೆಗಳ ಒಂದು ಸರಣಿ ಹೋದ ಮೇಲೆ ಅದರ ಬೆನ್ನು ಹಿಡಿದು ಒಳಗೆ ಬರುವುದು ಇದಕ್ಕೇ. ಆ ಹೊತ್ತಿನಲ್ಲಿ "ಯಾಕಪ್ಪ ನಿಲ್ಲಿಸಿದೆ, ಬಸ್ಸಿಗೆ ತಡ ಆಗ್ತದೆ" ಎಂದು ಅವನನ್ನು ಅವಸರಿಸುವ ಪ್ರಯಾಣಿಕ ತನ್ನ ಕೈಯಾರೆ ಅಪಾಯವನ್ನು ಕರೆಯುತ್ತಿರುತ್ತಾನೆ.

ಕೂರ್ಮಗಡದ ಜಾತ್ರೆ ಬರುವುದೇ ಹುಣ್ಣಿಮೆಯಲ್ಲಿ. ಅಂದರೆ ದೊಡ್ಡ ಏರಿಳಿತದ ದಿನವೇ. ಆ ಭಾಗದಲ್ಲಿ ಹುಣ್ಣಿಮೆಯ ದಿನ ಹಗಲಿನ ಭರತ ಸಾಮಾನ್ಯವಾಗಿ ನಡುಹಗಲಿನ ಆಸುಪಾಸಿಗೆ ಬರುತ್ತದೆ, ಹಾಗಾಗಿ ಜನ ಮರಳುವ ಅಪರಾಹ್ನ ಇಳಿತದ ಪಾಲಿನದು. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ಕಡಲು ಬೆಳಿಗ್ಗೆ ಶಾಂತವಾಗಿದ್ದು, ನೆಲ ಕಾದ ಮೇಲೆ ಮಧ್ಯಾಹ್ನಕ್ಕೆ ಕಡಲಗಾಳಿ ಏಳುವುದೂ ದಿನನಿತ್ಯದ ಸಂಗತಿ. 2019ರ ದುರಂತಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಭಾರ ಹೆಚ್ಚಾದ ದೋಣಿ ಯಾವ ನೀರಿನಲ್ಲೂ ಅಪಾಯವೇ. ಬೆಳಿಗ್ಗೆ ಗೆಳೆಯನಂತೆ ಕಂಡ ಅದೇ ದಾರಿ ಸಂಜೆ ಬೇರೆಯೇ ದಾರಿಯಾಗಿರಬಹುದು, ಅದು ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಅರ್ಧ ಬರೆದಿರುತ್ತದೆ ಎಂಬುದು ನನ್ನ ಮಾತು. ಮದುವೆಗೆ, ಗೃಹಪ್ರವೇಶಕ್ಕೆ ತಿಥಿ ನೋಡುವ ನಾವು ದೋಣಿಗೂ ಒಮ್ಮೆ ತಿಥಿ ನೋಡೋಣ. ನಿಖರ ಹೊತ್ತು ಬೇಕೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಬಂದರುಗಳ ಉಬ್ಬರವಿಳಿತದ ಕೋಷ್ಟಕ ಹೊರತರುತ್ತದೆ, ಮೊಬೈಲಿನಲ್ಲೂ ಹೊತ್ತು ಸಿಗುತ್ತದೆ.

ಮರಳುವ ದಾರಿಯ ಇನ್ನೊಂದು ಕಷ್ಟ ಜನರದ್ದು. ಹೋಗುವಾಗ ಜನ ಬೆಳಗಿನಿಂದ ಬಿಡಿಬಿಡಿಯಾಗಿ ಹೋಗುತ್ತಾರೆ. ಬರುವಾಗ ಎಲ್ಲರಿಗೂ ಒಂದೇ ಹೊತ್ತಿಗೆ ಬರಬೇಕು. ಕೊನೆಯ ದೋಣಿ ತಪ್ಪಿದರೆ ದ್ವೀಪದಲ್ಲೇ ಉಳಿಯಬೇಕಾದೀತೆಂಬ ದಿಗಿಲು ಎಂಥ ಶಿಸ್ತನ್ನೂ ಮುರಿಯುತ್ತದೆ. ಆದ್ದರಿಂದ ನಮ್ಮ ಯೋಜನೆ ಹಿಂದುಮುಂದಾಗಿರಬೇಕು: ಮೊದಲು ವಾಪಸ್ ಬರುವ ಹೊತ್ತನ್ನು ಗೊತ್ತು ಮಾಡಿಕೊಂಡು, ಅದರಿಂದ ಹಿಂದಕ್ಕೆ ಎಣಿಸಿ ಮನೆಯಿಂದ ಹೊರಡುವ ಹೊತ್ತನ್ನು ಇಟ್ಟುಕೊಳ್ಳಬೇಕು. ಕೊನೆಯ ದೋಣಿಗಿಂತ ಎರಡು ದೋಣಿ ಮೊದಲೇ ಬರುವುದೆಂದು ನಿರ್ಧರಿಸಿದರೆ, ಅದು ತುಂಬಿದ್ದಾಗ ಬಿಟ್ಟುಕೊಡಲು ಇನ್ನೊಂದು ದೋಣಿ ಉಳಿದಿರುತ್ತದೆ. ಬೆಳಿಗ್ಗೆ ಏಳಕ್ಕೆ ಜಟ್ಟಿಯಲ್ಲಿರಬೇಕಾದರೆ ಹಿಂದಿನ ದಿನವೇ ಬಂದು ಉಳಿಯಬೇಕಾಗಬಹುದು. ಖರ್ಚು ಹೆಚ್ಚುತ್ತದೆ, ನಿಜ. ಒಂದು ರಾತ್ರಿಯ ಲಾಡ್ಜಿನ ಬಾಡಿಗೆಗೆ ಶಾಂತವಾದ ನೀರು ಸಿಗುತ್ತದೆಂದರೆ ಆ ಖರ್ಚನ್ನು ಮಾಡಿ, ಬೇಕಾದರೆ ಊಟದಲ್ಲಿ ಉಳಿಸಿ ಎನ್ನುತ್ತೇನೆ.

ಹವಾಮಾನದ ಬಗ್ಗೆ ಒಂದು ಮಾತು. ಆಕಾಶ ನೋಡಿ ಕಡಲನ್ನು ಅಳೆಯಬಾರದು. ಕೇರಳದ ಮೀನುಗಾರರು "ಕಳ್ಳಕ್ಕಡಲ್" ಎಂದು ಕರೆಯುವ ಅಲೆಗಳಿವೆ. ದಕ್ಷಿಣದ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ದೂರ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣಿಸಿ, ಇಲ್ಲಿ ಗಾಳಿಯೇ ಇಲ್ಲದ ಬಿಸಿಲಿನ ದಿನ ದಡಕ್ಕೆ ಬಡಿಯುತ್ತವೆ. ಬರುವುದು ಹೆಚ್ಚಾಗಿ ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಅಂದರೆ ಸರಿಯಾಗಿ ಬೇಸಿಗೆ ರಜೆಯಲ್ಲಿ. ಇದನ್ನು ಕಣ್ಣಿನಿಂದ ಊಹಿಸಲು ಯಾರಿಗೂ ಸಾಧ್ಯವಿಲ್ಲ. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಸಂಸ್ಥೆ ಜಿಲ್ಲೆವಾರು ಅಲೆಯ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಹೊರಡಿಸುತ್ತದೆ. ಹಿಂದಿನ ರಾತ್ರಿ ನೋಡಬೇಕಾದದ್ದು ಇವೆರಡನ್ನು. ಮೀನುಗಾರರಿಗೆ ಹೋಗಬೇಡಿ ಎಂದ ದಿನ ಪ್ರವಾಸಿಗರಿಗೆ ಬೇರೆ ಸಮುದ್ರ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ನಿಲ್ಲುವ ಕಾಲದಲ್ಲಿ ಯಾರಾದರೂ "ಹೆಚ್ಚು ದುಡ್ಡು ಕೊಟ್ಟರೆ ಕರಕೊಂಡು ಹೋಗ್ತೇನೆ" ಎಂದರೆ ಅಲ್ಲಿಂದ ಎದ್ದು ಬರಬೇಕು.

ಇನ್ನು ದೋಣಿಯವರ ವಿಷಯ. ಅವರನ್ನು ಖಳರಂತೆ ಕಾಣುವುದು ಅನ್ಯಾಯ. ಮಳೆಗಾಲ ಕಳೆದು ಸಿಗುವ ಏಳೆಂಟು ತಿಂಗಳಲ್ಲಿ ವರ್ಷದ ಸಂಸಾರ ನಡೆಯಬೇಕು, ಸಾಲದ ಕಂತು ಕಟ್ಟಬೇಕು. ಬಂದ ಗುಂಪು "ಎಲ್ಲರೂ ಒಟ್ಟಿಗೇ ಹೋಗ್ತೇವೆ, ಅಡ್ಜಸ್ಟ್ ಮಾಡಿ" ಎಂದು ಪಟ್ಟು ಹಿಡಿಯುತ್ತದೆ. ಒಬ್ಬ ಇಲ್ಲ ಎಂದರೆ ಪಕ್ಕದ ದೋಣಿಯವ ಹೂಂ ಎನ್ನುತ್ತಾನೆ. ಅವನನ್ನು "ಏನೂ ತೊಂದರೆ ಇಲ್ವಲ್ಲ?" ಎಂದು ಕೇಳಿದರೆ "ಎಂತ ಆಗುದಿಲ್ಲ ಮಾರಾಯ್ರೆ, ದಿನಾ ಹೋಗುದೇ" ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲ. ಪ್ರಶ್ನೆಯೇ ಹಾಗಿದೆ. ಕೇಳಬೇಕಾದ ರೀತಿ ಬೇರೆ: ಇವತ್ತು ಇಳಿತ ಎಷ್ಟು ಹೊತ್ತಿಗೆ ಶುರು? ಅಳಿವೆಯಲ್ಲಿ ನೀರು ಹೇಗಿದೆ? ಈ ದೋಣಿಗೆ ಎಷ್ಟು ಜನಕ್ಕೆ ಪರವಾನಗಿ? ವಾಪಸ್ ಬರುವುದೂ ಇದೇ ದೋಣಿಯಲ್ಲೋ? ಇಂಜಿನ್ ನಿಂತರೆ ಏನು ಮಾಡ್ತೀರಿ? ಇವಕ್ಕೆ "ಎಂತ ಆಗುದಿಲ್ಲ" ಎಂದು ಉತ್ತರಿಸಲು ಬರುವುದಿಲ್ಲ. ಕಸುಬು ತಿಳಿದವ ಖುಷಿಯಿಂದ ಹೇಳುತ್ತಾನೆ, ತನ್ನ ವಿದ್ಯೆಯನ್ನು ಕೇಳುವವರು ಸಿಕ್ಕರೆಂದು ಅವನ ಮುಖ ಬೆಳಗುತ್ತದೆ. ತಡವರಿಸುವವನ ದೋಣಿಯನ್ನು ಬಿಟ್ಟುಬಿಡಿ. ಇಂಧನವನ್ನು ಮೂರು ಪಾಲು ಮಾಡಿ, ಒಂದು ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಎಂದು ಇಟ್ಟುಕೊಳ್ಳುವುದು ನೀರಿನವರ ಹಳೆಯ ಲೆಕ್ಕ. ಲಂಗರು, ಹಗ್ಗ, ಕೈಯಲ್ಲಿ ತಳ್ಳಲು ಒಂದು ಹುಟ್ಟಾದರೂ ದೋಣಿಯಲ್ಲಿದೆಯೇ ಎಂದು ಕಣ್ಣಾಡಿಸಿ. ಇಂಜಿನ್ ನಿಂತ ದೋಣಿಯನ್ನು ಸೆಳವು ಅಳಿವೆಗೆ ಒಯ್ಯದಂತೆ ಹಿಡಿದು ನಿಲ್ಲಿಸುವುದು ಲಂಗರೇ.

ದೋಣಿಯಲ್ಲಿರುವ ಜನರ ಸಂಖ್ಯೆಯ ವಿಷಯದಲ್ಲಿ ರಾಜಿ ಬೇಡವೇ ಬೇಡ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಸ್ಸಂಜೆ ಹೊರಟ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು ಮಕ್ಕಳು. ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಮೇಲೆ ಅಂತಸ್ತು ಕಟ್ಟಲಾಗಿತ್ತು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಕೆರೆಯಲ್ಲಿ, ಅಲೆಯೇ ಇಲ್ಲದ ನೀರಿನಲ್ಲಿ, 'ಜಲಕನ್ಯಕಾ' ಎಂಬ ಹೊಸ ದೋಣಿ ಮಗುಚಿ 45 ಮಂದಿ ಹೋದರು. ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಯಿತು. ದೋಣಿಗೆ ಭಾರ ಎಷ್ಟು ಎನ್ನುವಷ್ಟೇ ಮುಖ್ಯ ಆ ಭಾರ ಎಲ್ಲಿದೆ ಎಂಬುದು. ಕೂತ ಜನ ಎದ್ದು ನಿಂತರೆ ಭಾರ ಮೇಲಕ್ಕೇರುತ್ತದೆ, ಮೇಲಂತಸ್ತಿಗೆ ಹೋದರೆ ಇನ್ನೂ ಮೇಲಕ್ಕೆ. ಆಮೇಲೆ ಒಂದು ಸಣ್ಣ ಓಲಾಟ ಸಾಕು. ಡಾಲ್ಫಿನ್ ಕಂಡಿತೆಂದು ಎಲ್ಲರೂ ಬಲಕ್ಕೆ ಓಡಿ ಮೊಬೈಲ್ ಹಿಡಿಯುವ ದೃಶ್ಯ ನೋಡಿದಾಗಲೆಲ್ಲ ನನಗೆ ತೇಕ್ಕಡಿ ನೆನಪಾಗುತ್ತದೆ. ಕೂತಲ್ಲೇ ಕೂತು ನೋಡುವುದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ದೋಣಿಯ ಅಂಚಿಗೂ ನೀರಿಗೂ ಇರುವ ಅಂತರವನ್ನು ಹತ್ತುವ ಮೊದಲು ನೋಡಿ. ಜನ ತುಂಬಿದ ಮೇಲೆ ಆ ಅಂತರ ಒಂದು ಗೇಣಿಗೆ ಬಂದಿದ್ದರೆ ಇಳಿದುಬಿಡಿ. ಇಳಿಯುವಾಗ ಯಾರು ಏನೆಂದರೂ ಅನ್ನಲಿ.

2021ರ ಒಳನಾಡು ಹಡಗು ಕಾಯ್ದೆಯಲ್ಲಿ ನೋಂದಣಿ, ತಪಾಸಣೆ, ಚಾಲಕರ ಅರ್ಹತೆಗಳ ಮಾತು ಇದೆ. ಆ ಕಾಯ್ದೆ ಜನರಿಗೆ ಕಾಣುವುದು ಜಟ್ಟಿಯ ಮೇಲೆ ಮಾತ್ರ. ಅಲ್ಲಿ ಒಂದು ಫಲಕ ಬೇಕು: ಈ ದೋಣಿಗೆ ಇಷ್ಟು ಜನ, ಇಂದಿನ ಭರತ ಇಷ್ಟು ಹೊತ್ತಿಗೆ, ಇಳಿತ ಇಷ್ಟು ಹೊತ್ತಿಗೆ, ಕೊನೆಯ ದೋಣಿ ಇಷ್ಟಕ್ಕೆ. ಬಣ್ಣದ ಡಬ್ಬಿ, ಕುಂಚ, ದಿನಾ ಎರಡು ಅಂಕಿ ತಿದ್ದುವ ಒಬ್ಬ ಮನುಷ್ಯ ಇದ್ದರೆ ಆಗುವ ಕೆಲಸ. ಪ್ರವಾಸೋದ್ಯಮಕ್ಕೆಂದು ಸೆಲ್ಫಿ ಪಾಯಿಂಟುಗಳನ್ನು ಕಟ್ಟುವ ಕಡೆಯಲ್ಲೆಲ್ಲ ಇಂಥದೊಂದು ಫಲಕವನ್ನು ಪಂಚಾಯಿತಿಗಳು ಹಾಕಲೇಬೇಕು ಎಂದು ನಾವು ಗಟ್ಟಿಯಾಗಿ ಕೇಳಬೇಕು.

ಜಾಕೆಟ್ಟಿನ ವಿಷಯಕ್ಕೆ ಬಂದರೆ, ಅದು ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಸೀಟಿನ ಕೆಳಗೆ ಒಟ್ಟಿದ, ಮಾಡಿಗೆ ಕಟ್ಟಿದ ಜಾಕೆಟ್ಟನ್ನು ಆಪತ್ತಿನಲ್ಲಿ ಹಾಕಿಕೊಂಡೇನು ಎಂಬುದು ಸುಳ್ಳು ಧೈರ್ಯ. ದೋಣಿ ಮಗುಚುವುದು ಕೆಲವೇ ಸೆಕೆಂಡುಗಳ ಕೆಲಸ. ಈಜು ಬರುತ್ತದೆಂದು ಬೇಡ ಎನ್ನುವವರಿಗೆ ಒಂದೇ ಮಾತು: ನಿಮ್ಮನ್ನು ತಬ್ಬಿ ಹಿಡಿಯಲು ಬರುವವರಿಗೆ ಈಜು ಬರುವುದಿಲ್ಲ. ನೀರಿನಲ್ಲಿ ದೇಹದ ಬಹುಪಾಲು ಭಾರವನ್ನು ನೀರೇ ಹೊರುತ್ತದೆ, ದೊಡ್ಡವರ ತಲೆ ಮೇಲಿರಲು ಬೇಕಾದ ಹೆಚ್ಚಿನ ಆಸರೆ ಮೂರರಿಂದ ಐದು ಕಿಲೋದಷ್ಟು ಮಾತ್ರ. ಅಷ್ಟನ್ನು ಒಳ್ಳೆಯ ಜಾಕೆಟ್ ಧಾರಾಳವಾಗಿ ಕೊಡುತ್ತದೆ, ಆದರೆ ಪಟ್ಟಿ ಬಿಗಿದಿದ್ದರೆ. ಪಟ್ಟಿ ಕಟ್ಟದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಮೇಲಕ್ಕೆ ತೇಲುತ್ತದೆ, ತೊಟ್ಟವರು ಕೆಳಗೆ ಜಾರುತ್ತಾರೆ. ಹಾಕಿಕೊಂಡ ಮೇಲೆ ಇನ್ನೊಬ್ಬರು ಹೆಗಲ ಬಳಿ ಹಿಡಿದು ಮೇಲೆತ್ತಿ ನೋಡಲಿ. ಗಲ್ಲದವರೆಗೆ ಬಂದರೆ ಅದು ನಿಮ್ಮದಲ್ಲ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಕಟ್ಟುನಿಟ್ಟು. ದೊಡ್ಡವರ ಜಾಕೆಟ್ ತೊಡಿಸಿದ ಐದು ವರ್ಷದ ಮಗು ಬರಿಮೈಯ ಮಗುವಿನಷ್ಟೇ ಅಸಹಾಯಕ. ಮಕ್ಕಳ ಅಳತೆಯದು, ಕಾಲಿನ ನಡುವೆ ಪಟ್ಟಿ ಇರುವುದು ಸಿಗದಿದ್ದರೆ ಮಗುವನ್ನು ಹತ್ತಿಸಬೇಡಿ. ಪದೇಪದೇ ಹೋಗುವ ಮನೆಯವರು ಮಕ್ಕಳಿಗೆ ಸರಿಹೊಂದುವ ಜಾಕೆಟ್ ಕೊಂಡಿಟ್ಟುಕೊಳ್ಳಲಿ. ಕೈಗೂಸನ್ನು ಸಮುದ್ರದ ದೋಣಿಗೆ ಒಯ್ಯುವ ಅಗತ್ಯ ನನಗಂತೂ ಕಾಣುವುದಿಲ್ಲ, ಒಬ್ಬರು ದಡದಲ್ಲಿ ಉಳಿಯಲಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಬಿಗಿದು ಅದರ ಮೇಲೆ ಜಾಕೆಟ್ ತೊಡಬೇಕು. ಒದ್ದೆ ನೆರಿಗೆ ಕಾಲಿಗೆ ಸುತ್ತಿಕೊಂಡರೆ ಈಜುಗಾರ್ತಿಯೂ ಸೋಲುತ್ತಾಳೆ. ಆ ಒಂದು ದಿನ ಚೂಡಿದಾರ ಹಾಕಿಕೊಳ್ಳಿ ಎಂದು ಅಮ್ಮನಿಗೆ, ಅತ್ತೆಗೆ ಹಿಂದಿನ ರಾತ್ರಿಯೇ ಹೇಳಿನೋಡಿ.

ಹತ್ತುವ ಜಾಗದ ಮೆಟ್ಟಿಲುಗಳಲ್ಲಿ ಭರತದ ಗೆರೆಯಿಂದ ಕೆಳಗೆ ಪಾಚಿ ಇರುತ್ತದೆ. ಬೆಳಿಗ್ಗೆ ಒಂದು ಮೆಟ್ಟಿಲಷ್ಟು ಕೆಳಗಿದ್ದ ದೋಣಿ ಇಳಿತದಲ್ಲಿ ಆಳೆತ್ತರ ಕೆಳಗೆ ಹೋಗಿರಬಹುದು. ಮಂಡಿನೋವಿನ ಅಜ್ಜಿಗೆ ಬೆಳಿಗ್ಗೆ ಹತ್ತಲು ಆಗಿದ್ದು ಸಂಜೆ ಇಳಿಯಲು ಆಗದೆ ಹೋಗುವುದು ಹೀಗೆ. ಒಬ್ಬೊಬ್ಬರಾಗಿ, ಕೈಯಲ್ಲಿ ಸಾಮಾನಿಲ್ಲದೆ, ಬಗ್ಗಿಕೊಂಡು ದೋಣಿಯ ನಡುಮಧ್ಯಕ್ಕೆ ಕಾಲಿಡಬೇಕು. ದೋಣಿಗೂ ಕಟ್ಟೆಗೂ ನಡುವೆ ಕೈಕಾಲು ಇಡಲೇಬಾರದು.

ಒಳನಾಡಿನ ನೀರಿಗೆ ಬೇರೆ ಗುಣ. ಹಂಪಿಯ ತಳವಾರಘಟ್ಟದಲ್ಲಿ ಬಿಸಿಲು ಕಾಯುತ್ತಿದ್ದರೂ ತುಂಗಭದ್ರೆ ಏರಬಹುದು, ಏಕೆಂದರೆ ಮಳೆ ಬೀಳುವುದು ಮಲೆನಾಡಿನಲ್ಲಿ, ಗೇಟು ತೆರೆಯುವುದು ಹೊಸಪೇಟೆಯಲ್ಲಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆ ಅದರ ಅರ್ಥ ತಿಳಿಯಿತು. ಹರಿಗೋಲು ಹತ್ತುವ ಮುನ್ನ ಜಲಾಶಯದಿಂದ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಂತೆ ಮುಳುಗಿದ ಕಾಡಿನ ಬೊಡ್ಡೆಗಳು ಮೇಲಕ್ಕೆ ಬರುತ್ತವೆ, ಮೊಬೈಲ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ಊರಿನ ದೋಣಿಗಾರನಿಲ್ಲದೆ ಅಲ್ಲಿಗೆ ಇಳಿಯಬಾರದು.

ಹಿಂದಿನ ರಾತ್ರಿ ಮಾಡಬೇಕಾದ ಕೆಲಸಗಳಲ್ಲಿ ಅತಿ ಅಗ್ಗದ್ದು ಒಂದು ಚೀಟಿ. ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಯಾರ ದೋಣಿ, ಎಷ್ಟು ಹೊತ್ತಿಗೆ ವಾಪಸ್. ದೋಣಿಯ ನಂಬರನ್ನು ಬೆಳಿಗ್ಗೆ ಸೇರಿಸಬಹುದು. ಅದನ್ನು ದಡದಲ್ಲಿ ಉಳಿಯುವವರ ಕೈಗೆ ಕೊಡಿ, ಇಲ್ಲವೇ ಊರಲ್ಲಿರುವ ತಮ್ಮನಿಗೆ ವಾಟ್ಸ್‌ಆ್ಯಪ್ ಮಾಡಿ. ಹೇಳಿದ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಅವರು ಫೋನು ಮಾಡಬೇಕು, ಸಮುದ್ರದಲ್ಲಾದರೆ ಕರಾವಳಿ ಕಾವಲು ಪಡೆಯ 1554ಕ್ಕೆ, ಎಲ್ಲಿಯಾದರೂ 112ಕ್ಕೆ. ಹುಡುಕುವವರಿಗೆ ಎಷ್ಟು ಜನರನ್ನು ಹುಡುಕಬೇಕೆಂದೇ ಗೊತ್ತಿರದ ಸ್ಥಿತಿ ನಮ್ಮ ದೋಣಿ ದುರಂತಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇದ್ದವರೆಷ್ಟು, ಸಿಕ್ಕವರೆಷ್ಟು ಎಂಬ ಲೆಕ್ಕಕ್ಕೇ ಗಂಟೆಗಳು ಕಳೆಯುತ್ತವೆ. ಇಷ್ಟೇ ಜನ ಎಂದು ಬರೆದ ಒಂದು ಚೀಟಿ ಆ ಗಂಟೆಗಳನ್ನು ಉಳಿಸುತ್ತದೆ.

ಕೊನೆಗೆ, ದೋಣಿ ಹತ್ತದಿದ್ದರೆ ಆ ದಿನ ಏನು ಮಾಡುವುದೆಂದು ಗೊತ್ತಿರಬೇಕು. ನನ್ನ ಮಟ್ಟಿಗೆ ಇಡೀ ಯೋಜನೆಯ ಕೀಲು ಇದು. ಬದಲಿ ದಾರಿ ಇಲ್ಲದವರೇ ತುಂಬಿದ ದೋಣಿಗೆ ಹತ್ತುವುದು. ಕಾರವಾರದಲ್ಲಾದರೆ ಸದಾಶಿವಗಡದ ಗುಡ್ಡ ಹತ್ತಿದರೆ ಕಾಳಿಯ ಅಳಿವೆಯೂ ಎದುರಿನ ದ್ವೀಪಗಳೂ ಒಟ್ಟಿಗೆ ಕಾಣುತ್ತವೆ, ಅಳಿವೆಯಲ್ಲಿ ಅಲೆ ಮುರಿಯುವ ಪಟ್ಟಿಯನ್ನು ಮಕ್ಕಳಿಗೆ ಬೆರಳು ಮಾಡಿ ತೋರಿಸಬಹುದು. ತರುಣ ರವೀಂದ್ರನಾಥರು ಬಂದು ತಂಗಿ 'ಪ್ರಕೃತಿರ ಪ್ರತಿಶೋಧ' ನಾಟಕ ಬರೆದ ಊರಿನಲ್ಲಿ ಅವರ ಹೆಸರಿನ ಕಡಲತೀರವಿದೆ, ಅಲ್ಲೇ 'ಚಪಲ್' ಎಂಬ ಯುದ್ಧನೌಕೆಯ ಒಳಹೊಕ್ಕು ನೋಡಬಹುದು. ಹೊನ್ನಾವರದಲ್ಲಿ ಕಾಂಡ್ಲಾಕಾಡಿನ ನಡುವೆ ಮರದ ಕಾಲುಹಾದಿ ಇದೆ. ಮಲ್ಪೆಯಲ್ಲಿ ಸೀ ವಾಕ್ ಇದೆ, ಬಂದರಿನಲ್ಲಿ ಬೆಳಗಿನ ಮೀನಿನ ಹರಾಜು ನೋಡುವುದೇ ಒಂದು ಲೋಕ. ಇವನ್ನು ಬ್ಯಾಗು ತುಂಬುವಾಗಲೇ ಮಕ್ಕಳಿಗೆ ಹೇಳಿಡಿ. ಗಾಳಿ ಎದ್ದಿದ್ದರೆ ಗುಡ್ಡ, ಇಲ್ಲದಿದ್ದರೆ ದೋಣಿ ಎಂದು. ಎರಡರಲ್ಲಿ ಯಾವುದಾದರೂ ಮರುದಿನ ಬೆಳಿಗ್ಗೆ ಅವರು ಕುಣಿದುಕೊಂಡೇ ಏಳುತ್ತಾರೆ.